ದೊಡ್ಡ ಶೀಸೆ

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ನಲವತ್ತು ರಕ್ಷಣಾ ಕನ್ನಡಕಗಳಿದ್ದವು. ಅದರಲ್ಲಿ ಒಂದನ್ನಾದರೂ ಒಂದು ಮಗು ಹಾಕಿಕೊಂಡದ್ದನ್ನು ನಾನು ಕಂಡವಳಲ್ಲ. ಬಂದ ದಿನದ ಪ್ಲಾಸ್ಟಿಕ್ ಲಕೋಟೆಯೊಳಗೇ, ಗಾಜಿನ ಬೀರುವಿನಲ್ಲಿ, ಸಾಲಾಗಿ ಮಲಗಿದ್ದವು. ಬೀರುವಿನ ಬೀಗದ ಕೈ ದೊಡ್ಡ ಮೇಷ್ಟ್ರ ಮೇಜಿನ ಖಾನೆಯಲ್ಲಿ. ದೊಡ್ಡ ಮೇಷ್ಟ್ರು ಅಂದರೆ ಮುಖ್ಯೋಪಾಧ್ಯಾಯರು. “ಮಕ್ಕಳ ಕೈಗೆ ಕೊಟ್ರೆ ಗೀಚಿ ಹಾಳು ಮಾಡ್ತಾರೆ. ಆಮೇಲೆ ತಪಾಸಣೆಗೆ ಬಂದೋರಿಗೆ ಏನು ತೋರಿಸೋದು?” ಎನ್ನುವುದು ಅವರ ವಾದ. ಮಕ್ಕಳ ಕಣ್ಣು ಹಾಳಾದರೆ ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ ನೋಡಿ, ಅದಕ್ಕೇ ಆ ಧೈರ್ಯ.

ನಾನು ಅಲ್ಲಿ ಇಪ್ಪತ್ತಾರು ವರ್ಷ ಸಹಾಯಕಿಯಾಗಿದ್ದೆ. ಮಕ್ಕಳು ಲ್ಯಾಬಮ್ಮ ಎನ್ನುತ್ತಿದ್ದರು, ಅದೇ ಹೆಸರು ಮೇಷ್ಟ್ರುಗಳ ಬಾಯಲ್ಲೂ ನಿಂತಿತು. ಬೀಕರು ತೊಳೆಯುವುದು, ಪ್ರನಾಳಗಳನ್ನು ಉಗುರಿನಿಂದ ತಟ್ಟಿ ನೋಡುವುದು. ಕಿಣ್ ಎಂದರೆ ಸ್ಟ್ಯಾಂಡಿಗೆ, ಟಕ್ ಎಂದರೆ ಎಲ್ಲೋ ಬಿರುಕಿದೆ ಎಂದು ಕಸದ ಡಬ್ಬಕ್ಕೆ. ಶೀಸೆಗಳಿಗೆ ಚೀಟಿ ಬರೆದು ಅಂಟಿಸಿ ಅದರ ಮೇಲೆ ಮೇಣ ಸವರುತ್ತಿದ್ದೆ, ಆಮ್ಲ ಸೋರಿದರೂ ಅಕ್ಷರ ಅಳಿಯಬಾರದೆಂದು. ಇಷ್ಟು ವರ್ಷದಲ್ಲಿ ನನ್ನ ಕೋಣೆಯಿಂದ ಅಳುತ್ತ ಹೊರಗೆ ಹೋದ ಮಗು ಒಂದೇ, ಅದೂ ಮಾರ್ಕು ಕಡಿಮೆ ಬಂದದ್ದಕ್ಕೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆಗದೇ ಹೋದದ್ದನ್ನು ಬರೆದಿಡಲು ನಮ್ಮ ಶಾಲೆಯಲ್ಲಿ ಪುಸ್ತಕವಿಲ್ಲ.

ನನಗೆ ಕೆಲಸ ಕಲಿಸಿದ್ದು ನನಗಿಂತ ಮೊದಲು ಅಲ್ಲಿದ್ದ ಒಬ್ಬ ಮುದುಕರು. ಅವರ ಬಲಗೈ ಮೊಣಕೈವರೆಗೆ ಸುಟ್ಟು, ಚರ್ಮ ಕಾಗದದಂತೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಅವರು ಎರಡೇ ಮಾತು ಹೇಳಿಕೊಟ್ಟರು. “ಬೆಂಕಿ ಇರೋ ಮೇಜಿನ ಹತ್ರಕ್ಕೆ ಸ್ಪಿರಿಟ್‌ನ ದೊಡ್ಡ ಶೀಸೆ ಬರಬಾರ್ದು. ಬೇಕಾದಷ್ಟನ್ನ ಮೊದಲೇ ಸಣ್ಣ ಶೀಸೆಗೆ ಬಗ್ಗಿಸಿ ಕೊಡು, ಬೆರಳುದ್ದ, ಅದಕ್ಕಿಂತ ಹೆಚ್ಚಿಲ್ಲ. ಹೋದ್ರೆ ಅಷ್ಟೇ ಹೋಗ್ಲಿ.” ಇದು ಒಂದು. ಎರಡನೆಯದು, “ಚೀಟಿಯಲ್ಲಿ ಒಂದು, ಒಳಗೆ ಇನ್ನೊಂದು ಇದ್ರೆ ಅದು ವಿಷಕ್ಕಿಂತ ಕೆಟ್ಟದ್ದು. ವಿಷಕ್ಕಾದ್ರೂ ವಿಷ ಅಂತ ಬರೆದಿರುತ್ತೆ.” ಈ ಎರಡು ಮಾತಿನ ಮೇಲೆ ನನ್ನ ಇಪ್ಪತ್ತಾರು ವರ್ಷ ನಡೆಯಿತು.

ಇಂಥ ಕೋಣೆಗೆ ಎರಡು ವರ್ಷದ ಹಿಂದೆ ಪಟಾಕಿ ಮೇಷ್ಟ್ರು ಬಂದರು. ವಿಜ್ಞಾನದ ಮೇಷ್ಟ್ರು, ಎಂ.ಎಸ್ಸಿ. ಆ ಹೆಸರಿಟ್ಟದ್ದು ಮಕ್ಕಳು, ಇಟ್ಟದ್ದು ಪ್ರೀತಿಯಿಂದಲೇ. ತರಗತಿಗೆ ಬರುವಾಗ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಮೊಬೈಲ್ ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು. ಎರಡು ತಿಂಗಳಲ್ಲಿ ಪುಸ್ತಕ ಹೋಯಿತು, ಸ್ಟ್ಯಾಂಡು ಉಳಿಯಿತು. ಏನನ್ನೂ ಸುಡದೆ, ಉಕ್ಕಿಸದೆ, ಢಂ ಎನ್ನಿಸದೆ ಅವರ ಪಾಠ ಮುಗಿಯುತ್ತಿರಲಿಲ್ಲ. ಉಕ್ಕಿದ್ದು ಏಕೆ ಉಕ್ಕಿತು ಎಂದು ಒಂದು ಮಗು ಕೇಳಿದರೆ, “ಅದು ಮುಂದಿನ ವಿಡಿಯೋದಲ್ಲಿ” ಎಂದು ಕೂದಲು ಸರಿಮಾಡಿಕೊಳ್ಳುತ್ತಿದ್ದರು. ಆ ಮುಂದಿನ ವಿಡಿಯೋ ಯಾವತ್ತೂ ಬರಲಿಲ್ಲ. ಚೆಲ್ಲಿದ್ದನ್ನು ಒರೆಸುವವಳು ನಾನು. ಒರೆಸುವುದು ಯಾವ ವಿಡಿಯೋದಲ್ಲೂ ಇಲ್ಲ.

ಆ ಶಾಲೆಯಲ್ಲೇ ನನ್ನ ಮಗಳ ಮಗಳು ಏಳನೇ ತರಗತಿ ಓದುತ್ತಿದ್ದಳು. ಹುಟ್ಟಿದಾಗ ಸಣ್ಣ ದನಿಯಲ್ಲಿ ಕುಂಯ್‌ಗುಡುತ್ತಿದ್ದಳೆಂದು ನಾನು ಪಿಟೀಲು ಎಂದೆ, ಅದೇ ನಿಂತಿತು. ಮಗಳು ಬಟ್ಟೆ ಕಾರ್ಖಾನೆಯಲ್ಲಿ ಹಗಲು ಪಾಳಿ. ಹಾಗಾಗಿ ಬೆಳಿಗ್ಗೆ ಜಡೆ ಹಾಕುವುದರಿಂದ ಹಿಡಿದು ಸಂಜೆ ಮನೆಗೆ ಕರೆತರುವವರೆಗೆ ಆ ಹುಡುಗಿ ನನ್ನ ಪಾಲು. ಶಾಲೆಯ ಒಳಗೆ ಮಾತ್ರ ನಾನು ಅವಳಿಗೆ ಏನೂ ಅಲ್ಲ. ಗ್ಲಾಸು ತೊಳೆಯುವವಳು ತನ್ನ ಅಜ್ಜಿ ಎಂದು ಗೆಳತಿಯರಿಗೆ ಗೊತ್ತಾಗುವುದು ಅವಳಿಗೆ ಬೇಡವಾಗಿತ್ತು. ಹನ್ನೆರಡು ವರ್ಷದ ಸೊಕ್ಕು. ನನಗೆ ನೋವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಪಾಠದ ಹೊತ್ತಿನಲ್ಲಿ ಅವಳ ಮೇಜಿನ ಪ್ರನಾಳಗಳನ್ನು ಎರಡು ಸಲ ತಟ್ಟಿ ನೋಡುತ್ತಿದ್ದೆ.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ಶಾಲೆಗಳಲ್ಲಿ ಸುರಕ್ಷತಾ ಸಪ್ತಾಹ ಆಚರಿಸಬೇಕಂತೆ, ಪ್ರಯೋಗ ಮಾಡುವಾಗ ಮಕ್ಕಳನ್ನು ಕಾಪಾಡುವುದು ಹೇಗೆಂದು ತಿಳಿಸಬೇಕಂತೆ. ಒಳ್ಳೆಯ ಮಾತೇ. ಬೀರುವಿನ ಬೀಗ ತೆಗೆದು ಕನ್ನಡಕ ಹಂಚಿದ್ದರೆ ಅರ್ಧ ಗಂಟೆಯಲ್ಲಿ ಸಪ್ತಾಹ ಮುಗಿಯುತ್ತಿತ್ತು. ನಮ್ಮವರು ಹಾಗೆ ಸುಲಭವಾಗಿ ಬುದ್ಧಿವಂತರಾಗುವವರಲ್ಲ. ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಎನ್ನುತ್ತಾರಲ್ಲ, ಹಾಗೆ ಸುರಕ್ಷತೆಯ ಸಭೆಗೆ ಬೆಂಕಿಯ ಆಟ ಇಟ್ಟರು. ಅಂಗಳದಲ್ಲಿ ವೇದಿಕೆ, ಬ್ಯಾನರು, ಮುಖ್ಯ ಅತಿಥಿ, ಭಾಷಣ, ಕೊನೆಗೆ ಪಟಾಕಿ ಮೇಷ್ಟ್ರಿಂದ ‘ಬಣ್ಣದ ಜ್ವಾಲೆ’. ಆರು ಪಿಂಗಾಣಿ ಬಟ್ಟಲು, ಒಂದೊಂದರಲ್ಲಿ ಒಂದೊಂದು ಬಗೆಯ ಲವಣ, ಮೇಲೆ ಸ್ಪಿರಿಟ್. ಹಚ್ಚಿದರೆ ಒಂದು ಹಸಿರು, ಒಂದು ಕೆಂಪು, ಒಂದು ಹಳದಿ. ಚೆಂದವೇ, ಇಲ್ಲವೆನ್ನುವುದಿಲ್ಲ. ಕತ್ತಲೆ ಕೋಣೆಯಲ್ಲಿ, ಮಕ್ಕಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಹಳೆಯ ಮೇಷ್ಟ್ರೊಬ್ಬರು ಪ್ರತಿ ವರ್ಷ ತೋರಿಸುತ್ತಿದ್ದರು. ಒಮ್ಮೆ ಹಚ್ಚುವುದು, ಆರುವ ತನಕ ನೋಡುವುದು, ಮುಗಿಯಿತು.

ಹಿಂದಿನ ದಿನ ಮಧ್ಯಾಹ್ನ ಪ್ರಯೋಗಾಲಯದಲ್ಲಿ ತಾಲೀಮು. ಕೋಣೆಯಲ್ಲಿದ್ದದ್ದು ಪಟಾಕಿ ಮೇಷ್ಟ್ರು, ಅವರ ಮೊಬೈಲು, ನಾನು. ನಾನು ಎಂದಿನಂತೆ ಬೆರಳುದ್ದದ ಶೀಸೆಯಲ್ಲಿ ಸ್ಪಿರಿಟ್ ಕೊಟ್ಟೆ. ಹಚ್ಚಿದರು. ಬಣ್ಣ ಬಂತು, ಸ್ವಲ್ಪ ಹೊತ್ತಿಗೆ ಇಳಿಯಿತು. ಮೊಬೈಲಿಗೆ ಸಾಕಾಗಲಿಲ್ಲವೇನೋ, ಆರಿದೆ ಎಂದುಕೊಂಡು ಶೀಸೆಯಲ್ಲಿ ಉಳಿದಿದ್ದ ನಾಲ್ಕು ಹನಿಯನ್ನು ಅದೇ ಬಟ್ಟಲಿಗೆ ಬಗ್ಗಿಸಿದರು. ಆರಿರಲಿಲ್ಲ. ಬುಸ್ಸೆಂದು ಶೀಸೆಯ ಬಾಯಿಂದ ಒಂದು ಮೊಳ ಉದ್ದದ ಜ್ವಾಲೆ ಎದುರಿಗೆ ಚಿಮ್ಮಿ, ಗೋಡೆಯ ಕ್ಯಾಲೆಂಡರಿನ ಅಂಚು ಕರಕಲಾಯಿತು. ಅಷ್ಟೇ. ಶೀಸೆಯಲ್ಲಿ ಇದ್ದದ್ದು ಅಷ್ಟೇ, ಹೋದದ್ದೂ ಅಷ್ಟೇ.

ನಾನು ಒದ್ದೆ ಬಟ್ಟೆಯಿಂದ ಕ್ಯಾಲೆಂಡರಿನ ಕಿಡಿ ಒತ್ತಿದೆ. ಅವರು ಕುಣಿದಾಡಿದರು.

“ಅಬ್ಬಾ! ನೋಡಿದ್ರಾ ಲ್ಯಾಬಮ್ಮ? ಇಷ್ಟು ಚಿಕ್ಕ ಶೀಸೆಗೇ ಇಷ್ಟು ಬಂತಲ್ಲ! ನಾಳೆ ದೊಡ್ಡ ಶೀಸೇನೇ ಇಟ್ಟುಬಿಡಿ. ಈ ಔಷಧಿ ಶೀಸೆ ಥರದ್ದು ಕ್ಯಾಮೆರಾದಲ್ಲಿ ಕಾಣೋದೂ ಇಲ್ಲ.”

“ಸಾರ್, ಅದು ಆರಿರಲಿಲ್ಲ. ಸ್ಪಿರಿಟ್ ಬೆಂಕಿ ಸಣ್ಣದಾದ್ರೆ ಕಣ್ಣಿಗೆ ಕಾಣಲ್ಲ.”

“ಆರಿತ್ತು. ಗಾಳಿ ಬೀಸ್ತು, ಅದಕ್ಕೆ ಹಾಗಾಯ್ತು. ನಾಳೆ ಪೂರ್ತಿ ಆರಿದ ಮೇಲೇ ಹಾಕ್ತೀನಿ. ಅಷ್ಟೂ ಗೊತ್ತಿಲ್ವಾ ನನಗೆ?”

“ನಾಳೆ ಬಿಸಿಲಲ್ಲಿ ಮಾಡೋದು ಸಾರ್. ಉರೀತಾ ಇರೋದೇ ಕಾಣಲ್ಲ, ಆರಿದ್ದು ಹೇಗೆ ಕಾಣುತ್ತೆ?”

ಅವರು ನನ್ನ ಭುಜ ತಟ್ಟಿದರು. ತಾಯಿಗೆ ವಯಸ್ಸಾಯಿತು ಎಂದುಕೊಂಡವರು ತಟ್ಟುವ ಹಾಗೆ. ನನಗೆ ಮೈ ಉರಿದುಹೋಯಿತು.

ನೇರ ದೊಡ್ಡ ಮೇಷ್ಟ್ರ ಕೋಣೆಗೆ ಹೋದೆ. ಅವರು ನಾಳೆಯ ಭಾಷಣವನ್ನು ಕನ್ನಡಿಯ ಮುಂದೆ ಓದಿಕೊಳ್ಳುತ್ತಿದ್ದರು. ಕ್ಯಾಲೆಂಡರು ಸುಟ್ಟದ್ದನ್ನು ಹೇಳಿದೆ. ಹೊಸ ಕ್ಯಾಲೆಂಡರು ತೂಗುಹಾಕು ಎಂದರು.

“ಸಾರ್, ದೊಡ್ಡ ಶೀಸೆ ಕೊಟ್ರೆ ಮಕ್ಕಳ ಮುಖಕ್ಕೇ ಬೆಂಕಿ ಹಾರುತ್ತೆ.”

“ಏನಮ್ಮ ನೀನು, ಒಳ್ಳೆ ಕೆಲಸದ ಹಿಂದಿನ ದಿನ ಅಪಶಕುನ ನುಡೀತೀಯ? ಅವರು ಎಂ.ಎಸ್ಸಿ. ನೀನು ಎಷ್ಟು ಓದಿದ್ದೀಯ?”

“ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ ಸಾರ್.”

“ಬಾಯಿ ಜಾಸ್ತಿ ಆಯ್ತು ನಿಂದು.”

“ಹೋಗ್ಲಿ, ಮಕ್ಕಳನ್ನ ಹತ್ತು ಹೆಜ್ಜೆ ಹಿಂದಕ್ಕಾದ್ರೂ ಕೂರಿಸಿ. ಮುಂದಿನ ಸಾಲಿಗೆ ಕನ್ನಡಕ ಕೊಡಿ.”

“ಪತ್ರಿಕೆಯವರು ಬರ್ತಾರೆ. ಮಕ್ಕಳು ಚಿತ್ರದಲ್ಲಿ ಬರೋದು ಬೇಡ್ವಾ? ಕನ್ನಡಕ ಹಾಕಿದ್ರೆ ಯಾರ ಮಗು ಯಾವುದು ಅಂತ ಗೊತ್ತಾಗುತ್ತಾ?” ಎಂದವರು, ನನ್ನನ್ನು ಸಮಾಧಾನ ಮಾಡುವಂತೆ ಮುಂದಕ್ಕೆ ಬಾಗಿದರು. “ನೋಡು, ಮೇಜಿನ ಪಕ್ಕದಲ್ಲಿ ಸುರಕ್ಷತೆ ಅಂತ ಅಕ್ಷರದ ಫಲಕ ಹಿಡಿದು ನಾಲ್ಕು ಮಕ್ಕಳು ನಿಲ್ತಾರೆ. ಅದರಲ್ಲಿ ನಿನ್ನ ಮೊಮ್ಮಗಳೂ ಒಬ್ಬಳು. ನಾನೇ ಹೇಳಿ ಹಾಕಿಸಿದ್ದು. ಖುಷಿಪಡೋದು ಬಿಟ್ಟು...”

ಖುಷಿಪಡಬೇಕಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೂ ಕೋಣ ಒಂದು ಸಲ ಕಿವಿ ಅಲ್ಲಾಡಿಸುತ್ತದೆ. ಇವರು ಮತ್ತೆ ಕನ್ನಡಿಯ ಕಡೆ ತಿರುಗಿದರು.

ಸಂಜೆ ಮನೆಯಲ್ಲಿ ಪಿಟೀಲು ತನ್ನ ಫಲಕ ಹಿಡಿದು ಕೋಣೆಯ ಉದ್ದಕ್ಕೂ ನಡೆಯುತ್ತಿದ್ದಳು. ಅವಳಿಗೆ ಸಿಕ್ಕದ್ದು ಮೂರನೆಯ ಅಕ್ಷರ, ಕ್ಷ. ನಟ್ಟನಡುವೆ ನಿಲ್ಲುವವಳು ತಾನೇ ಎಂದು ಹತ್ತು ಸಲ ಹೇಳಿದಳು. ನಾಲ್ಕು ಜನರಲ್ಲಿ ನಟ್ಟನಡು ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

“ನಾಳೆ ಹೊಟ್ಟೆನೋವು ಅಂತ ಹೇಳಿ ಮನೇಲಿದ್ದುಬಿಡು,” ಎಂದೆ.

“ಯಾಕೆ?”

“ಆ ಮೇಷ್ಟ್ರಿಗೆ ಬೆಂಕಿ ಮುಟ್ಟೋಕೆ ಬರಲ್ಲ, ಅದಕ್ಕೆ.”

“ನಿನಗೆ ಅವರನ್ನ ಕಂಡ್ರೆ ಆಗಲ್ಲ, ಅದಕ್ಕೆ ಹೇಳ್ತೀಯ. ಎಲ್ಲರಿಗೂ ಅವರು ಇಷ್ಟ. ನಿನಗೆ ಯಾರೂ ಇಷ್ಟ ಇಲ್ಲ ಅಜ್ಜಿ. ನಾನು ಹೋಗೇ ಹೋಗ್ತೀನಿ.”

ಅವಳು ಹೇಳಿದ್ದು ಅರ್ಧ ನಿಜ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಸ್ಪಿರಿಟ್‌ಗೆ ನನ್ನ ಇಷ್ಟಾನಿಷ್ಟ ಗೊತ್ತಿಲ್ಲ. ಇವಳನ್ನು ಕೈಕಾಲು ಕಟ್ಟಿ ಮನೆಯಲ್ಲಿ ಕೂರಿಸಬಹುದಿತ್ತು. ಕೂರಿಸಿದರೆ ಆ ಜಾಗಕ್ಕೆ ಇನ್ನೊಬ್ಬರ ಮನೆಯ ಹುಡುಗಿ ಬರುತ್ತಾಳೆ. ಉಳಿದ ಮೂರು ಅಕ್ಷರ ಹಿಡಿದವರೂ ಯಾರೋ ಜಡೆ ಹಾಕಿ ಕಳಿಸಿದ ಮಕ್ಕಳೇ. ದೊಡ್ಡ ಶೀಸೆಯನ್ನು ಬಚ್ಚಿಡಬಹುದಿತ್ತು. ಬಚ್ಚಿಟ್ಟರೆ ಆ ಮನುಷ್ಯ ಬಣ್ಣದಂಗಡಿಗೆ ಓಡಿಹೋಗಿ ಥಿನ್ನರ್ ತಂದುಬಿಡುತ್ತಾನೆ, ತಂದದ್ದನ್ನೂ ವಿಡಿಯೋ ಮಾಡುತ್ತಾನೆ. ಯೋಚಿಸಿ ಯೋಚಿಸಿ ನನಗೆ ಉಳಿದದ್ದು ಒಂದೇ ದಾರಿ. ಅದು ನಾನು ತುಳಿಯಬಾರದ ದಾರಿಯಾಗಿತ್ತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಪ್ರಯೋಗಾಲಯದ ಬಾಗಿಲು ತೆರೆದೆ. ದೊಡ್ಡ ಶೀಸೆಯ ಸ್ಪಿರಿಟ್ ಪೂರ್ತಿ ಬೇರೆ ಎರಡು ಶೀಸೆಗೆ ಇಳಿಸಿ, ಚೀಟಿ ಅಂಟಿಸಿ, ಕಬ್ಬಿಣದ ಕಪಾಟಿನಲ್ಲಿ ಬೀಗ ಹಾಕಿದೆ. ಖಾಲಿ ಶೀಸೆಯನ್ನು ಮೂರು ಸಲ ತೊಳೆದೆ. ಆಮೇಲೆ ನಲ್ಲಿಯ ಕೆಳಗೆ ಹಿಡಿದೆ. ‘ಸ್ಪಿರಿಟ್. ಬೆಂಕಿಯಿಂದ ದೂರವಿಡಿ’ ಎಂದು ನನ್ನದೇ ಕೈಬರಹದ ಚೀಟಿ ನನ್ನನ್ನೇ ನೋಡುತ್ತಿತ್ತು, ಒಳಗೆ ನೀರು ಏರುತ್ತಿತ್ತು. ಇಪ್ಪತ್ತಾರು ವರ್ಷ ಬೇರೆಯವರು ಇಂಥದ್ದು ಮಾಡಿದರೆ ಕಿವಿ ಹಿಂಡಿದವಳು ನಾನು. ನಾಚಿಕೆಯಾಗಿ, ತುಂಬಿದ್ದನ್ನು ತೊಟ್ಟಿಗೆ ಚೆಲ್ಲಿದೆ. ಮತ್ತೆ ತುಂಬಿಸಿದೆ. ನೋಡಿದರೆ ಸ್ಪಿರಿಟ್ಟೇ. ಮೂಸಿ ನೋಡಿದರೆ ಗೊತ್ತಾಗುತ್ತಿತ್ತು, ಆದರೆ ಮೂಸಿ ನೋಡುವ ಅಭ್ಯಾಸ ಇದ್ದಿದ್ದರೆ ಅವರು ಪಟಾಕಿ ಮೇಷ್ಟ್ರು ಏಕಾಗುತ್ತಿದ್ದರು?

ಬಟ್ಟಲುಗಳಿಗೆ ಮಾತ್ರ ನಿಜವಾದ ಸ್ಪಿರಿಟ್ಟನ್ನೇ ಅಳೆದು ಹಾಕಿದೆ. ಹಚ್ಚಲಿ, ಉರಿಯಲಿ, ಬಣ್ಣ ಬರಲಿ, ಆರಲಿ. ಅಷ್ಟಕ್ಕೇ ಬಿಟ್ಟರೆ ದೊಡ್ಡ ಶೀಸೆಯನ್ನು ಮುಟ್ಟುವ ಅಗತ್ಯವೇ ಬೀಳದು ಎಂಬ ಸಣ್ಣ ಆಸೆ ನನಗಿತ್ತು.

ಹನ್ನೊಂದು ಗಂಟೆಗೆ ಸಭೆ. ಬಿಸಿಲು ನೆತ್ತಿಗೆ ಬಂದಿತ್ತು. ಮುಖ್ಯ ಅತಿಥಿ ಸುರಕ್ಷತೆಯ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಂತೆ. ಬಂದವರು ಮೊದಲು ಗಾಜಿನ ಬೀರುವಿನ ಮುಂದೆ ನಿಂತು, “ಎಷ್ಟು ಚೆನ್ನಾಗಿ ಇಟ್ಟಿದ್ದೀರಿ, ಹೊಸದರ ಹಾಗೇ ಇದೆ,” ಎಂದು ಕನ್ನಡಕಗಳನ್ನು ಹೊಗಳಿದರು. ದೊಡ್ಡ ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಬೆಂಕಿ ನಂದಿಸುವ ಸಿಲಿಂಡರನ್ನು ತಂದು ವೇದಿಕೆಯ ಮೇಲೆ ನಿಲ್ಲಿಸಿ ಅದಕ್ಕೆ ರಿಬ್ಬನ್ ಸುತ್ತಿದ್ದರು. ಎಂಥ ಬಿಗಿಯಾಗಿ ಸುತ್ತಿದ್ದರೆಂದರೆ, ಅದನ್ನು ಬಿಡಿಸುವಷ್ಟರಲ್ಲಿ ಶಾಲೆಯೇ ಬೂದಿಯಾಗಬೇಕು. ಭಾಷಣದಲ್ಲಿ ದೊಡ್ಡ ಮೇಷ್ಟ್ರು ಮಕ್ಕಳು ನಮ್ಮ ಕಣ್ಣುಗಳಿದ್ದಂತೆ ಎಂದರು. ಹೊರಗೆ ಥಳಕು, ಒಳಗೆ ಹುಳುಕು. ಅತಿಥಿಗಳು ನಿದ್ದೆ ಮಾಡಿ, ಚಪ್ಪಾಳೆಗೆ ಎದ್ದರು.

ಆಮೇಲೆ ಪಟಾಕಿ ಮೇಷ್ಟ್ರು. ಮೊಬೈಲು ಸ್ಟ್ಯಾಂಡಿನ ಮೇಲೆ, ಆರು ಬಟ್ಟಲು ಮೇಜಿನ ಮೇಲೆ, ಪಕ್ಕದಲ್ಲಿ ದೊಡ್ಡ ಶೀಸೆ. ನಾಲ್ಕು ಮಕ್ಕಳು ಮೇಜಿನ ಎಡಕ್ಕೆ ಫಲಕ ಹಿಡಿದು ನಿಂತಿದ್ದರು. ಹಚ್ಚಿದರು. ಏನೂ ಕಾಣಲಿಲ್ಲ. ಉರಿ ಬಿಸಿಲಿನಲ್ಲಿ ಸ್ಪಿರಿಟ್ ಬೆಂಕಿ ಹೇಗೆ ಕಾಣುತ್ತದೆ? ಹಿಂದಿನ ಸಾಲಿನಿಂದ ಯಾರೋ, “ಸಾರ್, ಬಣ್ಣ ಎಲ್ಲಿ?” ಎಂದರು. ನಗು ಎದ್ದಿತು. ಮೇಷ್ಟ್ರ ಹಣೆಯಲ್ಲಿ ಬೆವರು ಕಾಣಿಸಿತು. ಆಗ ಆ ಮನುಷ್ಯನಿಗೆ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಅಂಥ ತಲೆಗೇ ಹೊಳೆಯಬೇಕು.

“ಬನ್ನಿ ಮಕ್ಕಳೇ, ಹತ್ರ ಬನ್ನಿ! ಫಲಕ ಅಡ್ಡ ಹಿಡೀರಿ, ಬಟ್ಟಲಿಗೆ ನೆರಳು ಬೀಳಲಿ. ಇನ್ನೂ ಹತ್ರ! ಇನ್ನೂ ಬಗ್ಗಿ!”

ನಾಲ್ಕು ಮಕ್ಕಳು ಉರಿಯುವ ಬಟ್ಟಲುಗಳ ಮೇಲೆ ಬಾಗಿದರು. ಸುರಕ್ಷತೆ ಎಂಬ ಮಾತನ್ನು ಬಿಸಿಲಿಗೆ ಕೊಡೆಯಂತೆ ಹಿಡಿದರು. ಪಿಟೀಲಿನ ಮುಖಕ್ಕೂ ಬಟ್ಟಲಿಗೂ ಒಂದು ಗೇಣು ಅಂತರವಿತ್ತೋ ಇಲ್ಲವೋ. ನಾನು ಎದ್ದು ನಿಂತೆ. “ಹಿಂದೆ ಬನ್ನಿ!” ಎಂದು ಕೂಗಿದೆ. ದೊಡ್ಡ ಮೇಷ್ಟ್ರು ವೇದಿಕೆಯಿಂದಲೇ ಬಾಯಿಗೆ ಬೆರಳಿಟ್ಟು ನನ್ನನ್ನು ಗದರಿಸಿದರು. ಮಕ್ಕಳು ನನ್ನ ಕಡೆ ನೋಡಿ, ಮತ್ತೆ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರ ಮಾತು ಕೇಳಬೇಕೆಂದು ನಾವೇ ಅವರಿಗೆ ಕಲಿಸಿದ್ದೇವಲ್ಲ.

ನೆರಳಿನಲ್ಲಿ ಸ್ವಲ್ಪ ಹಸಿರು, ಸ್ವಲ್ಪ ಕೆಂಪು ಕಂಡಿತು. ಓಹೋ ಎಂದರು. ನಿಮಿಷದಲ್ಲಿ ಅದೂ ತೆಳುವಾಯಿತು. “ಆರಿದೆ! ಈಗ ನೋಡಿ ನಿಜವಾದ ಬಣ್ಣ!” ಎಂದು ಪಟಾಕಿ ಮೇಷ್ಟ್ರು ದೊಡ್ಡ ಶೀಸೆಯನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಬಾಯಿ ಮಕ್ಕಳ ಕಡೆಗಿರುವಂತೆ ಹಿಡಿದು, ನಡುವಿನ ಬಟ್ಟಲಿಗೆ ಬಗ್ಗಿಸಿದರು.

ಬಟ್ಟಲಿನ ಮೇಲೆ ಗಾಳಿ ನಡುಗುತ್ತಿತ್ತು, ಬೆಂಕಿ ಆರಿರಲಿಲ್ಲ. ನನಗೆ ಕಾಣುತ್ತಿತ್ತು. ಒಳಗಿರುವುದು ನೀರೆಂದು ಗೊತ್ತಿದ್ದೂ, ತುಂಬಿಸಿದವಳು ನಾನೇ ಆಗಿದ್ದೂ, ಆ ಒಂದು ಕ್ಷಣ ನನಗೆ ನನ್ನ ಮೇಲೆ ನಂಬಿಕೆ ಹೋಯಿತು. ಬೇರೆ ಶೀಸೆ ಇಟ್ಟುಬಿಟ್ಟೆನೇ? ತೊಳೆದದ್ದು ಇದನ್ನೇ ಹೌದೇ?

ಚುಸ್ ಎಂದಿತು. ಸಣ್ಣ ಹಬೆ ಎದ್ದಿತು. ಇನ್ನೊಂದು ಬಟ್ಟಲಿಗೆ ಬಗ್ಗಿಸಿದರು, ಅದೂ ಚುಸ್ ಎಂದಿತು. ಆರೂ ಬಟ್ಟಲು ನೀರು ಕುಡಿದು ಸುಮ್ಮನಾದವು. ಕಡ್ಡಿ ಗೀರಿದರು, ಹತ್ತಲಿಲ್ಲ. ಮತ್ತೆ ಗೀರಿದರು. ಮುಂದೆ ಕೂತಿದ್ದ ಚಿಕ್ಕ ಮಗುವೊಂದು ಎದ್ದು, “ಸಾರ್ ನೀರು ಹಾಕಿ ಆರಿಸಿಬಿಟ್ರು!” ಎಂದಿತು. ಇಡೀ ಅಂಗಳ ಹೊಟ್ಟೆ ಹಿಡಿದು ನಕ್ಕಿತು. ಮುಖ್ಯ ಅತಿಥಿ ಎಚ್ಚರಗೊಂಡು, “ಭೇಷ್! ಬೆಂಕಿ ಬಿದ್ರೆ ನೀರು ಹಾಕ್ಬೇಕು ಅಂತ ಎಷ್ಟು ಚೆನ್ನಾಗಿ ತೋರಿಸಿದ್ರು,” ಎಂದು ಚಪ್ಪಾಳೆ ತಟ್ಟಿದರು. ಒಲೆಯ ಮೇಲೆ ಕಾದ ಎಣ್ಣೆಗೆ ಹತ್ತಿದ ಬೆಂಕಿಗೆ ಆ ಮಹಾರಾಯರು ಹಾಗೇ ನೀರು ಹಾಕಿ ನೋಡಲಿ. ಪಟಾಕಿ ಮೇಷ್ಟ್ರು ಇಂಗು ತಿಂದ ಮಂಗನಂತೆ ನಿಂತಿದ್ದರು. ಆಮೇಲೆ, ಎರಡು ವರ್ಷದಲ್ಲಿ ಮೊದಲ ಸಲ, ಶೀಸೆಯನ್ನು ಮೂಸಿ ನೋಡಿದರು. ನೋಡಿ, ತಲೆಯೆತ್ತಿ ನನ್ನ ಕಡೆ ತಿರುಗಿದರು.

ಅತಿಥಿಗಳ ಕಾರು ಹೊರಟ ಮೇಲೆ ನನ್ನನ್ನು ಕೋಣೆಗೆ ಕರೆಸಿದರು. ಪಟಾಕಿ ಮೇಷ್ಟ್ರೂ ಅಲ್ಲಿದ್ದರು.

“ಶೀಸೆಗೆ ನೀರು ತುಂಬಿದ್ದು ಯಾರು?” ಎಂದರು ದೊಡ್ಡ ಮೇಷ್ಟ್ರು.

“ನಾನೇ.”

“ಎಷ್ಟು ಧೈರ್ಯ ನಿನಗೆ! ಶಾಲೆಯ ಮಾನ ಹರಾಜು ಹಾಕಿಬಿಟ್ಟೆ!”

“ಬಟ್ಟಲು ಆರಿರಲಿಲ್ಲ ಸಾರ್. ಸ್ಪಿರಿಟ್ ಇದ್ದಿದ್ರೆ ಇಷ್ಟು ಹೊತ್ತಿಗೆ ನೀವು ಆಸ್ಪತ್ರೆಯ ಬಾಗಿಲಲ್ಲಿ ನಾಲ್ಕು ತಾಯಂದಿರ ಮುಂದೆ ನಿಂತಿರ್ತಿದ್ರಿ. ನಂಬಿಕೆ ಇಲ್ದಿದ್ರೆ ಬನ್ನಿ, ಹಿಂದಿನ ಮೈದಾನದಲ್ಲಿ ತೋರಿಸ್ತೀನಿ. ಉದ್ದನೆಯ ಕೋಲಿಗೆ ಶೀಸೆ ಕಟ್ಟಿ ದೂರದಿಂದ ಬಗ್ಗಿಸೋಣ, ಮಕ್ಕಳು ನಿಂತ ಜಾಗದಲ್ಲಿ ರಟ್ಟು ನಿಲ್ಲಿಸೋಣ. ರಟ್ಟು ಏನಾಗುತ್ತೆ ನೋಡಿ.”

“ಆಗದೇ ಇದ್ದದ್ದನ್ನ ತೋರಿಸೋಕೆ ಹೊರಟಿದ್ದಾಳೆ,” ಎಂದು ಅವರು ಪಟಾಕಿ ಮೇಷ್ಟ್ರನ್ನು ನೋಡಿ ನಕ್ಕರು.

ನಾನೂ ಅವರ ಕಡೆಗೇ ತಿರುಗಿದೆ. “ನೀವೇ ಹೇಳಿ ಸಾರ್. ನೀರು ಬಿದ್ದಾಗ ಚುಸ್ ಅಂದಿದ್ದು ಕೇಳಿಸ್ತಲ್ಲ? ಆರಿದ ಬಟ್ಟಲು ಚುಸ್ ಅನ್ನುತ್ತಾ?”

ಅವರ ಮುಖ ಬಿಳಿಚಿಕೊಂಡಿತು. ಕೇಳಿಸಿತ್ತು. ಆ ಕೋಣೆಯಲ್ಲಿ ನನ್ನ ಮಾತು ಅರ್ಥವಾದ ಒಬ್ಬನೇ ಮನುಷ್ಯ ಅವರು. ಬಟ್ಟಲ ಮೇಲೆ ಬಾಗಿದ್ದ ನಾಲ್ಕು ತಲೆಗಳು ಆಗ ಅವರ ಕಣ್ಣಮುಂದೆ ಬಂದವೆಂದು ನಾನು ಆಣೆ ಮಾಡಿ ಹೇಳಬಲ್ಲೆ. ತುಟಿ ತೆರೆದರು. ಹೇಳುತ್ತಾರೆ ಎಂದುಕೊಂಡೆ. ಆ ಕ್ಷಣಕ್ಕೆ ಅವರ ಮೇಲಿನ ನನ್ನ ತಾತ್ಸಾರವೆಲ್ಲ ಬಿಡಲು ತಯಾರಾಗಿದ್ದೆ.

“ನನಗೇನೂ ಕೇಳಿಸಲಿಲ್ಲ,” ಎಂದರು.

“ವಿಡಿಯೋ ಇದೆಯಲ್ಲ ಸಾರ್. ಹಾಕಿ ಕೇಳೋಣ.”

“ಅಳಿಸಿಬಿಟ್ಟೆ.”

ಕೆಮ್ಮಿದರೂ ವಿಡಿಯೋ ಇಟ್ಟುಕೊಳ್ಳುವ ಮನುಷ್ಯ ಅದೊಂದನ್ನು ಅಳಿಸಿದ್ದರು. ಥೂ ಎಂದು ಉಗುಳಬೇಕೆನಿಸಿತು. ನೆಲ ಒರೆಸುವವಳು ನಾನೇ ಆದ್ದರಿಂದ ನುಂಗಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕಾಗದ ಸಿದ್ಧವಾಯಿತು. ‘ಪ್ರಯೋಗಾಲಯದ ಸಹಾಯಕಿಯು ಚೀಟಿಯಲ್ಲಿ ನಮೂದಿಸಿದ ದ್ರವದ ಬದಲು ಬೇರೆ ದ್ರವವನ್ನು ತುಂಬಿ, ವಿದ್ಯಾರ್ಥಿಗಳ ಸುರಕ್ಷತೆಗೆ ಧಕ್ಕೆ ತಂದಿರುವುದರಿಂದ ಅವರನ್ನು ಕೆಲಸದಿಂದ ತೆಗೆಯಲಾಗಿದೆ.’ ಸುರಕ್ಷತಾ ಸಪ್ತಾಹದ ವರದಿಯಲ್ಲಿ ಪತ್ತೆಯಾದ ಲೋಪಗಳು ಎಂಬ ಖಾನೆಯಲ್ಲಿ ಒಂದೇ ಲೋಪ, ಅದು ನಾನು. ಎರಡು ಸಲ ಓದಿದೆ. ಮೊದಲರ್ಧ ಸತ್ಯವಾಗಿತ್ತು. ನನ್ನ ಕೈಕೆಳಗೆ ಯಾರಾದರೂ ಹಾಗೆ ಮಾಡಿದ್ದರೆ ನಾನೂ ಅವರನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಎರಡನೇ ಅರ್ಧ ಸುಳ್ಳೆನ್ನಲು ನನ್ನ ಬಳಿ ಸಾಕ್ಷಿಯಿರಲಿಲ್ಲ. ಸಹಿ ಹಾಕಿದೆ. ಪ್ರಯೋಗಾಲಯಕ್ಕೆ ಹೋಗಿ ದೊಡ್ಡ ಶೀಸೆಯ ನೀರು ಚೆಲ್ಲಿ, ಆ ಚೀಟಿಯನ್ನು ಕೆರೆದು ತೆಗೆದು, ಶೀಸೆಯನ್ನು ಬೋರಲು ಹಾಕಿದೆ. ಕಪಾಟಿನ ಕೀಲಿ ಕೊಟ್ಟೆ. ಬರುತ್ತೇನೆ ಎಂದು ಯಾರಿಗೂ ಹೇಳಲಿಲ್ಲ.

ನಾಲ್ಕೂವರೆಗೆ ಶಾಲೆ ಬಿಟ್ಟಿತು. ಪಿಟೀಲು ನನ್ನನ್ನು ಕಂಡೂ ಕಾಣದಂತೆ ಮುಂದೆ ಮುಂದೆ ನಡೆದಳು. ದರ್ಜಿಯ ಅಂಗಡಿ, ಸೈಕಲ್ ರಿಪೇರಿಯ ಅಂಗಡಿ, ಮುಚ್ಚಿದ ಅಂಚೆ ಕಚೇರಿ ಎಲ್ಲ ದಾಟಿದೆವು. ನಮ್ಮ ಬೀದಿಯ ತಿರುವಿನಲ್ಲಿ ಜನ ಇಲ್ಲದ್ದನ್ನು ನೋಡಿಕೊಂಡು ಗಕ್ಕನೆ ನಿಂತು ತಿರುಗಿದಳು.

“ಎಲ್ಲಾ ನಿನ್ನಿಂದಲೇ! ದೊಡ್ಡ ಮೇಷ್ಟ್ರು ಎಲ್ಲರ ಮುಂದೆ ಲ್ಯಾಬಮ್ಮನ ಮೊಮ್ಮಗಳು ಇವಳೇ ಅಂತ ಕೂಗಿದ್ರು. ಎಲ್ಲರೂ ನನ್ನ ನೋಡಿ ಚುಸ್ ಚುಸ್ ಅಂತ ನಕ್ಕರು. ಪಟಾಕಿ ಮೇಷ್ಟ್ರು ಅಳ್ತಾ ಹೋದ್ರು ಗೊತ್ತಾ? ಯಾಕೆ ಹಾಗೆ ಮಾಡ್ದೆ? ಏನಾಗ್ತಿತ್ತು? ಏನೂ ಆಗ್ತಿರಲಿಲ್ಲ! ನಿನಗೆ ಹೊಟ್ಟೆಕಿಚ್ಚು! ನಾನು ಇನ್ನು ಯಾವತ್ತೂ ನಿನ್ನ ಹತ್ರ ಮಾತಾಡಲ್ಲ!”

ಹೇಳಬಹುದಿತ್ತು. ಮುದುಕರ ಕೈಯ ಬಗ್ಗೆ, ನಡುಗುವ ಗಾಳಿಯ ಬಗ್ಗೆ ಹೇಳಿ ಅವಳನ್ನು ಹೆದರಿಸಿ ಬಾಯಿ ಮುಚ್ಚಿಸಬಹುದಿತ್ತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸಿಟ್ಟಿಗೆ ಹಣೆ ಗಂಟಾಗಿತ್ತು. ಹುಬ್ಬು ಎರಡೂ ಇದ್ದಲ್ಲೇ ಇದ್ದವು. ರೆಪ್ಪೆಯ ಕೂದಲು ಕಣ್ಣೀರಿಗೆ ಒದ್ದೆಯಾಗಿ ಮೂರು ಮೂರು ಅಂಟಿಕೊಂಡಿದ್ದವು. ಮೂಗಿನ ತುದಿ ಕೆಂಪಾಗಿತ್ತು, ಅತ್ತದ್ದರಿಂದ. ಕೆನ್ನೆಯ ಮೇಲೆ ಹತ್ತಿರ ನಿಂತರೆ ಮಾತ್ರ ಕಾಣುವ ಸಣ್ಣ ರೋಮ, ಅದೂ ಹಾಗೇ ಇತ್ತು.

“ಏನು ನೋಡ್ತೀಯ ಹಾಗೆ? ಮಾತಾಡು!” ಎಂದಳು.

“ಬೈಯಿ,” ಎಂದೆ. “ಇನ್ನೂ ಸ್ವಲ್ಪ ಬೈಯಿ.”

ಅವಳು ಬೈದಳು. ಮನೆಯ ಬಾಗಿಲವರೆಗೂ ಬೈಯುತ್ತಲೇ ಬಂದಳು. ನಾನು ದಾರಿ ನೋಡದೆ ಅವಳ ಮುಖವನ್ನೇ ನೋಡುತ್ತ ನಡೆದೆ.